ಉಮರ್ಗಾದಿಂದ ತರೋ ಲಾಟರಿ, ಅಂಚೆಯಾಗ ಬಂದ ಸ್ಕ್ರ್ಯಾಚ್ ಕಾರ್ಡ್: ರೊಕ್ಕ ಹಾಕಿದ್ರ ಲೆಕ್ಕಕ್ಕ ಬರ್ತದೇನು?

ಆಳಂದ_ಗಡಿ:
ನಮ್ಮ ಆಳಂದ ಕಡೆಯಿಂದ ಮಹಾರಾಷ್ಟ್ರದ ಉಮರ್ಗಾ, ಸೊಲ್ಲಾಪುರಕ್ಕ ಹೋಗಿ ಬರೋ ಮಂದಿ ಭಾಳ. ಬರುವಾಗ ಲಾಟರಿ ಟಿಕೆಟ್ ತರ್ತಾರ. ನನ್ನ ತಮ್ಮನೂ ದಿನಕ್ಕ 50 ರೂಪಾಯಿ ಹಾಕ್ತೀನಿ ಅಂತ ಹಟ ಹಿಡದಾನ. ವರ್ಷಾನುಗಟ್ಟಲೆ ಹಾಕಿದ್ರ ಒಂದಿಲ್ಲೊಂದು ದಿನ ಹಾಕಿದ ರೊಕ್ಕ ಆದ್ರೂ ತಿರುಗಿ ಬರ್ತದೋ ಇಲ್ಲೋ? ಕರ್ನಾಟಕದವರು ಅಲ್ಲಿ ತಗೊಂಡ್ರ ತಪ್ಪೇನು? ಇನ್ನೊಂದು, ನಮ್ಮ ಅತ್ತಿಗೆ ಹೆಸರಿಗೆ ಅಂಚೆಯಾಗ ಒಂದು ಲಕೋಟೆ ಬಂದದ. ಒಳಗಿನ ಕಾರ್ಡ್ ಕೆರದ್ರ ಕಾರು ಬಹುಮಾನ ಅಂತ ಅದ. ಕಾರು ಬ್ಯಾಡಂದ್ರ ರೊಕ್ಕ ಕೊಡ್ತೀವಿ, ಮೊದಲು ಟ್ಯಾಕ್ಸ್ ಕಟ್ಟರಿ ಅಂತ ಫೋನಿನಾಗ ಹೇಳಾಕತ್ತಾರ. ತಿಳದವರು ಬಿಡಿಸಿ ಹೇಳ್ರಿ.

ಲೆಕ್ಕದ_ಮಾಸ್ತರ:
ಮೊದಲು ಕಾನೂನು. ಕರ್ನಾಟಕದಾಗ 2007ರ ಏಪ್ರಿಲ್ 1ರಿಂದ ಎಲ್ಲಾ ಲಾಟರಿ ಮಾರಾಟ ಬಂದ್. ಮಹಾರಾಷ್ಟ್ರ, ಕೇರಳದಾಗ ಅಲ್ಲಿಯ ಸರ್ಕಾರನೇ ನಡೆಸ್ತದ. ಅಲ್ಲಿಗೆ ಹೋಗಿ, ಅಂಗಡಿಯಾಗ ಒಂದು ಟಿಕೆಟ್ ತಗೊಂಡ್ರ ಅಡ್ಡಿಯಿಲ್ಲ. ಕಟ್ಟು ತಂದು ಇಲ್ಲಿ ಮಾರಿದ್ರ ಕೇಸು. ಕಲಬುರಗಿ ಬಸ್‌ಸ್ಟ್ಯಾಂಡಿನಾಗ ಯಾರರ ಟಿಕೆಟ್ ಹಿಡಕೊಂಡು ನಿಂತಿದ್ರ ಅದು ಕದ್ದು ಮಾರೋದು, ಇಲ್ಲಾ ನಕಲಿ. ಕೇರಳದ ಲಾಟರಿ ಬರೇ ಕಾಗದದ ಟಿಕೆಟ್, ಆನ್‌ಲೈನ್ ಮಾರಾಟ ಇಲ್ಲ. ವಾಟ್ಸಾಪಿನಾಗ ಟಿಕೆಟ್ ಫೋಟೋ ಕಳಿಸಿ ರೊಕ್ಕ ಕೇಳೋರ ಕಡೆ ಹೋಗಬ್ಯಾಡ್ರಿ. ಅದೇ ಫೋಟೋ ನೂರು ಮಂದಿಗೆ ಹೋಗಿರ್ತದ.

ಈಗ 50 ರೂಪಾಯಿ ಟಿಕೆಟ್ ಬಿಚ್ಚಿ ನೋಡ್ರಿ. 2025ರ ಸೆಪ್ಟೆಂಬರ್ 22ರಿಂದ ಲಾಟರಿಗೆ ಜಿಎಸ್‌ಟಿ 40 ಪರ್ಸೆಂಟ್ ಆಗ್ಯದ, ಮೊದಲು 28 ಇತ್ತು. ಟಿಕೆಟ್ ಮ್ಯಾಲಿನ ಬೆಲೆಯೊಳಗೇ ಇದು ಸೇರಿರ್ತದ. 50ನ್ನ 140ರಿಂದ ಭಾಗಿಸಿ 100ರಿಂದ ಗುಣಿಸಿದ್ರ 35 ರೂಪಾಯಿ 71 ಪೈಸಾ. ಉಳಿದ 14 ರೂಪಾಯಿ 29 ಪೈಸಾ ಡ್ರಾ ಆಗೋಕಿಂತ ಮೊದಲೇ ಜಿಎಸ್‌ಟಿಗೆ ಹೋತು. ಈ 35 ರೂಪಾಯಿಯಾಗೇ ಅಂಗಡಿಯವನ ಕಮಿಷನ್, ಏಜೆಂಟನ ಪಾಲು, ಛಾಪಾ ಖರ್ಚು, ಸರ್ಕಾರದ ಲಾಭ. ಇವೆಲ್ಲಾ ತೆಗೆದು ಉಳಿದಿದ್ದು ಬಹುಮಾನ. ಅಂದ್ರ ಸರ್ಕಾರ ಒಂದು ಪೈಸಾ ಲಾಭ ಇಟ್ಟುಕೊಳ್ಳದಿದ್ರೂ 50 ಹಾಕಿದವರೆಲ್ಲರಿಗೂ ಸರಾಸರಿ 50 ತಿರುಗಿ ಬರೋ ದಾರಿನೇ ಇಲ್ಲ.

ಬಂಪರ್, ಅಂದ್ರ ದೊಡ್ಡ ಬಹುಮಾನದ ಲಾಟರಿ, ಬ್ಯಾರೆ ಅಂತ ಅನ್ಕೋಬ್ಯಾಡ್ರಿ. 2024ರ ಕೇರಳ ಓಣಂ ಬಂಪರ್‌ನಾಗ ಟಿಕೆಟ್ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ, ಖರ್ಚಾದ ಟಿಕೆಟ್ 70 ಲಕ್ಷಕ್ಕೂ ಮ್ಯಾಲ. 25 ಕೋಟಿಯನ್ನ ಅಷ್ಟೂ ಟಿಕೆಟಿಗೆ ಹಂಚಿದ್ರ ಒಂದಕ್ಕ 35 ರೂಪಾಯಿ ಬರ್ತದ. 500 ರೂಪಾಯಿಯಾಗ ಆ "25 ಕೋಟಿ" ಅನ್ನೋ ಆಸೆಯ ಬೆಲೆ ಅಷ್ಟೇ. ಆ ಸಲ ಅದು ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂತು, ಖರೇ. ಹತ್ತಿದ್ದು ಸುದ್ದಿ ಆಗ್ತದ, ಹತ್ತದ ಲಕ್ಷಾಂತರ ಟಿಕೆಟ್ ಸುದ್ದಿ ಆಗಂಗಿಲ್ಲ.

ಸಣ್ಣ ಬಹುಮಾನ ಹೆಚ್ಚಾಗಿ ಕೊನೇ ನಾಲ್ಕು ಅಂಕಿ ಕೂಡಿದ್ರ ಬರ್ತಾವ. ನಾಲ್ಕು ಅಂಕಿಯ ನಂಬರು ಒಟ್ಟು 10,000. ಡ್ರಾದಾಗ ಅಂಥಾವು 100 ತೆಗೆದ್ರ ನಿಮ್ಮ ಅವಕಾಶ ನೂರಕ್ಕ ಒಂದು. ದಿನಾ ಒಂದು ಟಿಕೆಟ್ ತಗೊಂಡ್ರ ತಮ್ಮಗ ವರ್ಷದಾಗ ಮೂರ್ನಾಲ್ಕು ಸಲ ಸಣ್ಣದು ಹತ್ತಬಹುದು, ಅದೇ ಅವನನ್ನ ಮುಂದ ಎಳಕೊಂಡು ಹೋಗೋದು.

ಆಳಂದ_ಗಡಿ:
ಮಾಸ್ತರ, ಅವ ಹೇಳೋದು ಹಿಂಗ: "ಲಾಟರಿಗಿಂತ ಮಟ್ಕಾ ಚಲೋ, 1ಕ್ಕ 80 ಕೊಡ್ತಾರ, ಚಾರ್ಟ್ (ಹಿಂದ ಬಂದ ನಂಬರಿನ ಪಟ್ಟಿ) ನೋಡಿದ್ರ ಜೋಡಿ ತಿಳೀತದ." ಇದಕ್ಕ ಏನ್ ಹೇಳ್ಲಿ?

ಲೆಕ್ಕದ_ಮಾಸ್ತರ:
ಜೋಡಿ ಅಂದ್ರ 00ರಿಂದ 99, ಒಟ್ಟು ನೂರು. ಎಲ್ಲಾದಕ್ಕೂ 10 ರೂಪಾಯಿ ಹಚ್ಚಿದ್ರ 1,000 ಖರ್ಚು, ಬರೋದು 800. ಒಂದು ಆಟಕ್ಕ ಲೆಕ್ಕ ಹಾಕಿದ್ರ ಲಾಟರಿಗಿಂತ ನಷ್ಟ ಕಡಿಮಿ ಕಾಣ್ತದ, ನಿಮ್ಮ ತಮ್ಮ ಎಡವಿದ್ದು ಅಲ್ಲೇ. ಓಪನ್ (ಮೊದಲ ಅಂಕಿ), ಕ್ಲೋಸ್ (ಎರಡನೇ ಅಂಕಿ), ಮತ್ತ ಬ್ಯಾರೆ ಬಜಾರಿಂದು ಅಂತ ದಿನಕ್ಕ ನಾಲ್ಕೈದು ಸಲ ಅದೇ ರೊಕ್ಕ ತಿರುಗ್ತದ, ತಿರುಗಿದಾಗೆಲ್ಲಾ ಐದರಾಗ ಒಂದು ಪಾಲು ಮಟ್ಕಾ ನಡೆಸೋ ಬುಕ್ಕಿಗೆ. 1,000 ಮೊದಲು 800, ಆಮ್ಯಾಲ 640, ಆಮ್ಯಾಲ 512.

ಚಾರ್ಟಿನಾಗ ಏನೂ ಇಲ್ರಿ. ನಿನ್ನೆ ಬಂದ ಜೋಡಿಗೆ ಇವತ್ತು ಬರೋದು ಗೊತ್ತಿರಂಗಿಲ್ಲ. ಒಂದೇ ಜೋಡಿ ನೂರು ಸಲ ಹಚ್ಚಿದ್ರೂ ಒಮ್ಮೆನೂ ಹತ್ತದೇ ಇರೋ ಸಾಧ್ಯತೆ ನೂರಕ್ಕ 36ರ ಮ್ಯಾಲ. "ಫಿಕ್ಸ್ ಜೋಡಿ" ಮಾರೋರು ನೂರು ಮಂದಿಗೆ ನೂರು ಬ್ಯಾರೆ ಬ್ಯಾರೆ ನಂಬರು ಕೊಡ್ತಾರ. ಹತ್ತಿದ ಒಬ್ಬ ಅವರ ಜಾಹೀರಾತು ಆಗ್ತಾನ. ಮಟ್ಕಾ ಹಚ್ಚೋದು, ಚೀಟಿ ಬರಕೊಳ್ಳೋದು ಎರಡೂ ಅಪರಾಧ. ದೊಡ್ಡದು ಹತ್ತಿದಾಗ ಬುಕ್ಕಿ ಕೈ ಎತ್ತಿದ್ರ ಠಾಣೆಗೆ ಹೋಗಿ ಕೇಳಾಕ ನಿಮಗ ದಾರಿ ಇಲ್ಲ.

ಬೀದರ_ಎಚ್ಚರಿಕೆ:
ಸ್ಕ್ರ್ಯಾಚ್ ಕಾರ್ಡ್ ಬಗ್ಗೆ ನಾ ಹೇಳ್ತೀನಿ, ಇದು ಅವಸರದ್ದು. ಅತ್ತಿಗೆಯವರು ಒಂದು ರೂಪಾಯಿನೂ ಕಳಿಸಬಾರದು.

ಈ ಮೋಸ ಯಾಕ ನಂಬಿಕಿ ಹುಟ್ಟಿಸ್ತದ ಅಂದ್ರ ಇದರಾಗ ಅರ್ಧ ಖರೇ ಅದ. ರೊಕ್ಕದ ಬಹುಮಾನ ಆದ್ರ ಕೊಡೋರೇ ತೆರಿಗಿ ಹಿಡಕೊಂಡು ಉಳಿದದ್ದು ಕೊಡ್ತಾರ, ಮುಂಗಡ ಕೇಳಂಗಿಲ್ಲ. ಕಾರು, ಬೈಕಿನಂಥ ವಸ್ತು ಆದ್ರ ಕೊಡೋಕಿಂತ ಮೊದಲು ತೆರಿಗಿ ಕಟ್ಟಿರಬೇಕು ಅನ್ನೋ ನಿಯಮ ಖರೇನೇ ಅದ. ಆದ್ರ ಆ ತೆರಿಗಿ ಗೆದ್ದವರ ಪ್ಯಾನ್ ನಂಬರಿನ ಮ್ಯಾಲ ಸರ್ಕಾರಕ್ಕ ಜಮಾ ಆಗ್ತದ, ಚಲನ್ ಇರ್ತದ. ಯಾರದೋ ಉಳಿತಾಯ ಖಾತೆಗೆ, ಫೋನ್‌ಪೇ ನಂಬರಿಗೆ ಹೋಗಂಗಿಲ್ಲ. ಮತ್ತ ಕಾರು ಬಿಟ್ಟು ರೊಕ್ಕ ಕೊಡ್ತೀವಿ ಅಂತ ಫೋನ್ ಮಾಡಿದವರೇ ಹೇಳಿದ ಮ್ಯಾಲ ಮುಂಗಡ ಟ್ಯಾಕ್ಸಿನ ಮಾತೇ ಬರಂಗಿಲ್ಲ, ಅಲ್ಲೇ ಸುಳ್ಳು ಸಿಕ್ಕಿಬಿತ್ತು.

ಮೊದಲು ಸಣ್ಣ ಮೊತ್ತ ಕೇಳ್ತಾರ, ಕಟ್ಟಿದ ಮ್ಯಾಲ ನೋಂದಣಿ ಫೀ, ಆಮ್ಯಾಲ ಜಿಎಸ್‌ಟಿ, ಆಮ್ಯಾಲ ಎನ್‌ಒಸಿ (ನಿರಾಕ್ಷೇಪಣಾ ಪತ್ರ). ಹೋದ ರೊಕ್ಕ ಬಿಡಲಾರದಕ್ಕೇ ಮಂದಿ ಮತ್ತ ಕಟ್ತಾರ. ಲಕೋಟೆಯಾಗ ಹೆಸರು, ವಿಳಾಸ ಸರಿ ಅದ ಅಂತ ನಂಬಬ್ಯಾಡ್ರಿ. ಆನ್‌ಲೈನ್ ಖರೀದಿಯ ವಿಳಾಸದ ಪಟ್ಟಿಗಳು ಸೋರಿ ಇಂಥವರ ಕೈಗೆ ಬೀಳ್ತಾವ.

ಆಧಾರ್, ಪಾಸ್‌ಬುಕ್ ಫೋಟೋ ಈಗಾಗಲೇ ಕಳಿಸಿದ್ರ ಬ್ಯಾಂಕಿಗೆ ಹೋಗಿ ಬರವಣಿಗಿಯಾಗ ತಿಳಿಸ್ರಿ, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡ್ರಿ. ರೊಕ್ಕ ಹೋಗಿದ್ರ ತಡಾ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚರಿ. ಯುಪಿಐ ರಸೀದಿಯಾಗಿನ 12 ಅಂಕಿಯ ಯುಟಿಆರ್ (ವ್ಯವಹಾರದ ಗುರುತು) ನಂಬರು ಕೈಯಾಗ ಇರ್ಲಿ, ಅದನ್ನೇ ಮೊದಲು ಕೇಳ್ತಾರ. ಆ ಕಡೆ ಖಾತೆಯಿಂದ ರೊಕ್ಕ ಮುಂದಕ್ಕ ಹೋಗೋದ್ರೊಳಗ ತಡೀಬೇಕು, ಅದಕ್ಕೇ ಅವಸರ. ಲಕೋಟೆ ಹರೀಬ್ಯಾಡ್ರಿ, ಮ್ಯಾಲಿನ ಅಂಚೆ ಮುದ್ರೆ, ಬಾರ್‌ಕೋಡ್ ಪೊಲೀಸರಿಗೆ ಬೇಕಾಗ್ತಾವ.

ತೆರಿಗೆ_ಕೆಲಸ_ಕಲಬುರಗಿ:
ಗೆದ್ದರೆ ಕೈಗೆಷ್ಟು ಎಂಬುದನ್ನೂ ಸೇರಿಸುತ್ತೇನೆ. 10,000 ರೂಪಾಯಿ ದಾಟಿದ ಬಹುಮಾನಕ್ಕೆ ಶೇ 30 ಟಿಡಿಎಸ್, ಅಂದರೆ ಕೊಡುವ ಮೊದಲೇ ಹಿಡಿಯುವ ತೆರಿಗೆ. ಬೇರೆ ಆದಾಯ ಇಲ್ಲದಿದ್ದರೂ ಇದಕ್ಕೆ ವಿನಾಯಿತಿ ಮಿತಿ ಅನ್ವಯಿಸುವುದಿಲ್ಲ, ಸೋತ ಟಿಕೆಟುಗಳ ಖರ್ಚನ್ನೂ ಕಳೆಯಲು ಬರುವುದಿಲ್ಲ. ಕೇರಳದಲ್ಲಿ 1 ಕೋಟಿ ಬಂತೆನ್ನಿ. ಏಜೆಂಟ್ ಕಮಿಷನ್ ಶೇ 10 ಎಂದಿಟ್ಟುಕೊಂಡರೆ ಅದು ಹೋಗಿ 90 ಲಕ್ಷ, ಟಿಡಿಎಸ್ 27 ಲಕ್ಷ ಹೋಗಿ 63 ಲಕ್ಷ ಖಾತೆಗೆ ಬರುತ್ತದೆ. ಬಹಳಷ್ಟು ಜನ ಇಲ್ಲಿಗೇ ಮುಗಿಯಿತು ಅಂದುಕೊಂಡು ಹೊಲ, ಮನೆಗೆ ಖರ್ಚು ಮಾಡಿಬಿಡುತ್ತಾರೆ. ಆದಾಯ 50 ಲಕ್ಷ ದಾಟಿದ್ದರಿಂದ ತೆರಿಗೆಯ ಮೇಲೆ ಶೇ 10 ಸರ್‌ಚಾರ್ಜ್ (ಹೆಚ್ಚುವರಿ ತೆರಿಗೆ), ಇವೆರಡೂ ಸೇರಿದ ಮೊತ್ತದ ಮೇಲೆ ಶೇ 4 ಸೆಸ್, ಹೀಗೆ ಇನ್ನೂ ಸುಮಾರು 3 ಲಕ್ಷ 89 ಸಾವಿರ ಕಟ್ಟಬೇಕು. ತಡವಾದರೆ ಬಡ್ಡಿ.

ಟಿಕೆಟ್ ಹಿಂಭಾಗದಲ್ಲಿ ಹೆಸರು, ವಿಳಾಸ, ಸಹಿ ತಕ್ಷಣ ಹಾಕಿ. ಕೇರಳದ್ದಾದರೆ 30 ದಿನದೊಳಗೆ ಒಪ್ಪಿಸಬೇಕು. ಹರಿದರೆ, ತಿದ್ದಿದರೆ ತಿರಸ್ಕಾರ.

ತಮ್ಮನಿಗೆ ತೋರಿಸಲು ಇನ್ನೊಂದು ಲೆಕ್ಕ: ದಿನಕ್ಕೆ 50 ಅಂದರೆ ತಿಂಗಳಿಗೆ 1,500. ಅಂಚೆ ಕಚೇರಿಯ 5 ವರ್ಷದ ಆರ್‌ಡಿಯಲ್ಲಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಶೇ 6.7 ಬಡ್ಡಿಗೆ ಕಟ್ಟಿದರೆ 90,000 ಹಾಕಿ ಸುಮಾರು 1 ಲಕ್ಷ 7 ಸಾವಿರ ಪಡೆಯಬಹುದು. ಖಾತೆ ತೆರೆಯುವ ದಿನದ ದರವೇ ಐದೂ ವರ್ಷಕ್ಕೆ. ಆಧಾರ್, ಪ್ಯಾನ್, ಎರಡು ಫೋಟೋ ತೆಗೆದುಕೊಂಡು ಹೋಗಲಿ.