ಅಮೆರಿಕದಲ್ಲಿ ಎದುರಾಳಿ ಅಭಿಮಾನಿಗಳು ಪಕ್ಕಪಕ್ಕ ಕೂರುತ್ತಾರೆ, ಇಂಗ್ಲೆಂಡಿನಲ್ಲಿ ನಡುವೆ ಪೊಲೀಸ್ ಯಾಕೆ?

ರಾಬರ್ಟ್‌ಸನ್‌ಪೇಟೆ ರೆಫ್ರಿ:

ಕೆಜಿಎಫ್‌ನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ರಾತ್ರಿ ಶಟರ್ ಎಳೆದ ಮೇಲೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ನೋಡದಿದ್ದರೆ ನಿದ್ದೆ ಬರಲ್ಲ. ಅಕ್ಕ, ಭಾವ ಡಲ್ಲಾಸ್ ಹತ್ತಿರ ಇದ್ದಾರೆ. ಭಾವ ಮೊನ್ನೆ ಅಲ್ಲಿನ ಫುಟ್‌ಬಾಲ್‌ಗೆ (ಚೆಂಡು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರಲ್ಲ, ಅದು) ಹೋಗಿದ್ದರು. ಪಾರ್ಕಿಂಗ್‌ನಿಂದಲೇ ವಿಡಿಯೊ ಕಾಲ್. ಕಾರಿನ ಡಿಕ್ಕಿ ತೆಗೆದು, ಪಕ್ಕದಲ್ಲಿ ಒಲೆ ಹಚ್ಚಿ ಮಾಂಸ ಸುಡುತ್ತಿದ್ದಾರೆ. ಡಲ್ಲಾಸ್ ಕೌಬಾಯ್ಸ್ ಜೆರ್ಸಿಯವನು ತಟ್ಟೆಗೆ ಬಡಿಸುತ್ತಿದ್ದಾನೆ, ಫಿಲಡೆಲ್ಫಿಯಾ ಈಗಲ್ಸ್‌ನ ಹಸಿರು ಜೆರ್ಸಿಯವನು ತಿನ್ನುತ್ತಿದ್ದಾನೆ. ಇವರಿಬ್ಬರೂ ಬದ್ಧ ವೈರಿಗಳಂತೆ! ಒಳಗೆ ಹೋದರೂ ಅಕ್ಕಪಕ್ಕದ ಸೀಟು.

ಇತ್ತ ಇಂಗ್ಲೆಂಡಿನಲ್ಲಿ ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾಚ್ ನೋಡಿ. ಹೊರಗಿನಿಂದ ಬಂದವರೆಲ್ಲ ಒಂದು ಮೂಲೆಯಲ್ಲಿ, ಸುತ್ತಲೂ ಹಳದಿ ಜಾಕೆಟ್ ಕಾವಲು. ಭಾವ ಹೇಳುವುದು, "ನಮ್ಮ ಕಡೆಯವರಿಗೆ ಸಂಸ್ಕಾರ ಇದೆ ಕಣೋ" ಅಂತ. ಆ ಊರಿಗೆ ಹೋಗಿ ಇನ್ನೂ ಜಾಸ್ತಿ ದಿನ ಆಗಿಲ್ಲ, ಆಗಲೇ "ನಮ್ಮ ಕಡೆ"! ನಿಜವಾದ ಕಾರಣ ಏನು? ಗೊತ್ತಿದ್ದವರು ಹೇಳಿ.

ಮಾರಿಕುಪ್ಪಂ ಪ್ಯಾಸೆಂಜರ್:

ಅಣ್ಣ, ನಾನು ಬಂಗಾರಪೇಟೆಯವನು. ಕಂಪನಿ ಕೆಲಸದ ಮೇಲೆ ಮ್ಯಾಂಚೆಸ್ಟರ್‌ನಲ್ಲಿ ಕೆಲವು ವರ್ಷ ಇದ್ದೆ. ನಿಮ್ಮ ಭಾವನಿಗೆ ಹೇಳಿ, ಇದು ಸಂಸ್ಕಾರದ ವಿಷಯ ಅಲ್ಲ, ರೈಲಿನ ವಿಷಯ.

ಮ್ಯಾಂಚೆಸ್ಟರ್‌ನಿಂದ ಲಿವರ್‌ಪೂಲ್‌ಗೆ 55 ಕಿಲೋಮೀಟರ್ ಆಸುಪಾಸು. ನಾವು ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಹತ್ತಿರ. ತಿಂಡಿ ತಿಂದು ಹೊರಟರೆ ಮ್ಯಾಚ್ ನೋಡಿಕೊಂಡು ರಾತ್ರಿ ಊಟಕ್ಕೆ ಮನೆ ಸೇರಬಹುದು. ಹಾಗಾಗಿ ಎದುರು ತಂಡದವರು ಒಬ್ಬಿಬ್ಬರಲ್ಲ, ಸಾವಿರಗಟ್ಟಲೆ ಒಟ್ಟಿಗೆ ಬಂದಿಳಿಯುತ್ತಾರೆ. ಅವರಿಗೆ ಅಂತಲೇ 3,000 ಟಿಕೆಟ್, ಇಲ್ಲವೇ ಸ್ಟೇಡಿಯಂನ ಶೇ 10ರಷ್ಟು ಸೀಟು, ಯಾವುದು ಕಡಿಮೆಯೋ ಅಷ್ಟನ್ನು ಎತ್ತಿಡಬೇಕು ಎಂಬ ನಿಯಮವೇ ಇದೆ. ಬೇರೆ ಗೇಟು, ಬೇರೆ ಮೂಲೆ.

ಫಿಲಡೆಲ್ಫಿಯಾದಿಂದ ಡಲ್ಲಾಸ್‌ಗೆ 2,000 ಕಿಲೋಮೀಟರ್‌ಗೂ ಜಾಸ್ತಿ. ಅಷ್ಟು ದೂರ ವಿಮಾನ ಹತ್ತಿ, ಹೋಟೆಲ್ ಹಿಡಿದು ಬರುವವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾನೆ. ಇಲ್ಲವೇ ಡಲ್ಲಾಸ್‌ನಲ್ಲೇ ಕೆಲಸಕ್ಕಿರುವವನು. ಬೆಳಗಾದರೆ ಅದೇ ಆಫೀಸು, ಅದೇ ಮುಖಗಳು. ಅಂಥವನು ಯಾರ ಮೇಲೆ ಕೈ ಎತ್ತುತ್ತಾನೆ?

1970, 80ರ ದಶಕದಲ್ಲಿ ಪುಂಡರ ಗುಂಪುಗಳಿಗೆ ಇಂಗ್ಲೆಂಡಿನಲ್ಲಿ ಫರ್ಮ್ ಅನ್ನುತ್ತಿದ್ದರು. ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್‌ನ ಗುಂಪಿನ ಹೆಸರು ಇಂಟರ್ ಸಿಟಿ ಫರ್ಮ್. ಹೆಸರು ಬಂದದ್ದು ಇಂಟರ್‌ಸಿಟಿ ರೈಲಿನಿಂದ! ಅಭಿಮಾನಿಗಳಿಗೆಂದು ಬಿಡುತ್ತಿದ್ದ ಸ್ಪೆಷಲ್ ರೈಲುಗಳ ಮೇಲೆ ಪೊಲೀಸರ ಕಣ್ಣಿರುತ್ತಿತ್ತು. ಅದಕ್ಕೇ ಇವರು ಮಾಮೂಲಿ ಪ್ರಯಾಣಿಕರ ಹಾಗೆ ಇಂಟರ್‌ಸಿಟಿ ಹತ್ತುತ್ತಿದ್ದರು. ಹೊಡೆತ ತಿಂದವನ ಹತ್ತಿರ ತಮ್ಮ ಹೆಸರಿನ ಕಾರ್ಡ್ ಬೇರೆ ಬಿಟ್ಟು ಹೋಗುತ್ತಿದ್ದರು. ಕಾರ್ಡ್ ಅಚ್ಚು ಹಾಕಿಸುವಷ್ಟು ಪುರುಸೊತ್ತು ನೋಡಿ.

ಮತ್ತೆ, ಜಗಳ ಬರೀ ಚೆಂಡಿನದ್ದಲ್ಲ. ಲಿವರ್‌ಪೂಲ್ ಬಂದರಿನ ಸುಂಕ ಜಾಸ್ತಿ ಆಯಿತು ಅಂತ ಮ್ಯಾಂಚೆಸ್ಟರ್‌ನವರು ಕಾಲುವೆ ತೋಡಿ, 1894ರಲ್ಲಿ ಹಡಗುಗಳನ್ನು ನೇರ ತಮ್ಮೂರಿಗೇ ತರಿಸಿಕೊಂಡರು. ಆ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಮ್ಯಾಚ್ ದಿನ ಯುನೈಟೆಡ್‌ನ ಸ್ಟೇಡಿಯಂ ಓಲ್ಡ್ ಟ್ರಾಫರ್ಡ್ ಪಕ್ಕದ ಪಬ್ ಒಂದಕ್ಕೆ ಹೋಗಿದ್ದೆ. ನನ್ನ ಮೈಮೇಲೆ ಯಾವ ಜೆರ್ಸಿಯೂ ಇರಲಿಲ್ಲ. ಆದರೂ ಬಾಗಿಲಲ್ಲಿದ್ದ ಆಸಾಮಿ ಟಿಕೆಟ್ ಕೇಳಿದ. ಯಾವ ಸ್ಟ್ಯಾಂಡ್ ಅಂತ ನೋಡಿಯೇ ಒಳಗೆ ಬಿಟ್ಟ.

ಶಿರಾ ಗೇಟ್:

ಸಂಸ್ಕಾರ ಅಂದ್ರಾ? ನಗು ಬಂತು. ನಾನು ತುಮಕೂರಿನವಳು, ಎಂ.ಎಸ್. ಮಾಡಿದ್ದು ಅಲಬಾಮದಲ್ಲಿ. ಅಲ್ಲಿ ದೊಡ್ಡ ವೃತ್ತಿಪರ ಫುಟ್‌ಬಾಲ್ ತಂಡವೇ ಇಲ್ಲ. ದೊಡ್ಡದು ಅಂದರೆ ಎರಡು ಯೂನಿವರ್ಸಿಟಿ ತಂಡ, ಅಲಬಾಮ ಮತ್ತು ಆಬರ್ನ್. ಒಂದೇ ಮನೆಯಲ್ಲಿ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ಆಬರ್ನ್ ಗೆದ್ದಾಗಲೆಲ್ಲ ಊರಿನ ಟೂಮರ್ಸ್ ಕಾರ್ನರ್‌ನಲ್ಲಿದ್ದ ಹಳೆಯ ಓಕ್ ಮರಗಳ ಮೇಲೆ ಟಾಯ್ಲೆಟ್ ಪೇಪರ್ ಎಸೆದು ಸಂಭ್ರಮಿಸುತ್ತಿದ್ದರು. 2010ರಲ್ಲಿ ಅಲಬಾಮ ವಿರುದ್ಧ ಆಬರ್ನ್ ಗೆದ್ದಿತು. ಅಲಬಾಮ ಅಭಿಮಾನಿಯೊಬ್ಬ ಹೋಗಿ ಆ ಮರಗಳ ಬುಡಕ್ಕೆ ವಿಷ ಸುರಿದ. ಸುಮ್ನೆ ಇರಲಾರದೆ ರೇಡಿಯೊಗೆ ಫೋನ್ ಮಾಡಿ ಹೇಳಿಕೊಂಡ! ಜೈಲಿಗೆ ಹೋದ. 2013ರಲ್ಲಿ ಮರಗಳನ್ನು ಕಡಿಯಬೇಕಾಯಿತು. ಆ ಜಾಗ ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮರ ಏನು ಮಾಡಿತ್ತು?

ನಿಮ್ಮ ಭಾವನ ಪಕ್ಕ ಮಾಂಸ ತಿಂದ ಈಗಲ್ಸ್ ಅಭಿಮಾನಿಗಳ ಕತೆಯೂ ಕೇಳಿ. ಅವರ ಗಲಾಟೆ ತಡೆಯಲಾರದೆ 1997ರಲ್ಲಿ ಫಿಲಡೆಲ್ಫಿಯಾದ ಸ್ಟೇಡಿಯಂ ಒಳಗೇ ಜಡ್ಜ್ ಕೂರಿಸಿ ಕೋರ್ಟ್ ನಡೆಸಿದರು. 2018ರಲ್ಲಿ ಈಗಲ್ಸ್ ಸೂಪರ್ ಬೌಲ್ (ಅಲ್ಲಿನ ಫುಟ್‌ಬಾಲ್‌ನ ಫೈನಲ್) ಗೆದ್ದಾಗ, ಜನ ಹತ್ತಬಾರದು ಅಂತ ದೀಪದ ಕಂಬಗಳಿಗೆ ಜಿಡ್ಡು ಬಳಿದಿದ್ದರು. ಆದರೂ ಹತ್ತಿದರು. ಡೆಟ್ರಾಯಿಟ್‌ನಲ್ಲಿ 1984ರಲ್ಲಿ ಬೇಸ್‌ಬಾಲ್ ಕಪ್ ಗೆದ್ದ ಖುಷಿಗೆ ಪೊಲೀಸ್ ಕಾರು ಸುಟ್ಟರು. ಅಮೆರಿಕದವರು ಎದುರಾಳಿಗೆ ಹೊಡೆಯುವುದು ಕಡಿಮೆ. ಗೆದ್ದರೆ ಸ್ವಂತ ಊರನ್ನೇ ಹಾಳು ಮಾಡುತ್ತಾರೆ.

ಗೂನರ್ ಗೌರಿಬಿದನೂರು:

ಏನೇ ಹೇಳಿ, ಇಂಗ್ಲಿಷರದ್ದೇ ಜಾಸ್ತಿ. ಹೇಸೆಲ್, ಹಿಲ್ಸ್‌ಬರೋ ಸ್ಟೇಡಿಯಂ ದುರಂತಗಳು ಎರಡೂ ಕುಡುಕರ ಕೆಲಸ ತಾನೇ?

ಮಾರಿಕುಪ್ಪಂ ಪ್ಯಾಸೆಂಜರ್:

ಗೂನರ್ ಅವರೇ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹೇಸೆಲ್ ಸರಿ. 1985ರ ಮೇ 29, ಬ್ರಸೆಲ್ಸ್. ಲಿವರ್‌ಪೂಲ್ ಅಭಿಮಾನಿಗಳು ಇಟಲಿಯ ಯುವೆಂಟಸ್ ಕಡೆಯವರ ಮೇಲೆ ನುಗ್ಗಿದರು, ಗೋಡೆ ಕುಸಿಯಿತು, 39 ಜನ ಸತ್ತರು. ಇಂಗ್ಲಿಷ್ ಕ್ಲಬ್‌ಗಳನ್ನು ಐದು ವರ್ಷ ಯೂರೋಪಿನ ಟೂರ್ನಿಗಳಿಂದ ಹೊರಗಿಟ್ಟರು.

ಹಿಲ್ಸ್‌ಬರೋ ಹಾಗಲ್ಲ. 1989ರ ಏಪ್ರಿಲ್ 15, ಶೆಫೀಲ್ಡ್. ಹೊರಗೆ ನೂಕುನುಗ್ಗಲು ಅಂತ ಪೊಲೀಸರೇ ದೊಡ್ಡ ಗೇಟ್ ತೆಗೆಸಿದರು. ಜನ ಹೋಗಿದ್ದು ಆಗಲೇ ತುಂಬಿದ್ದ, ನಿಂತು ನೋಡುವ ಜಾಗಕ್ಕೆ. ಮುಂದೆ ಕಬ್ಬಿಣದ ಬೇಲಿ. ಆ ಬೇಲಿ ಹಾಕಿದ್ದೇ ಪುಂಡರ ಭಯಕ್ಕೆ. ಅದಕ್ಕೆ ಒತ್ತಿಕೊಂಡು ಉಸಿರು ಕಟ್ಟಿ ಸತ್ತವರಲ್ಲಿ ಮಕ್ಕಳೂ ಇದ್ದರು. ಒಟ್ಟು 97 ಜನ, ಲಿವರ್‌ಪೂಲ್ ಅಭಿಮಾನಿಗಳು. ಮಾರನೇ ವಾರವೇ ದಿ ಸನ್ ಪತ್ರಿಕೆ ತಪ್ಪನ್ನು ಅಭಿಮಾನಿಗಳ ತಲೆಗೆ ಕಟ್ಟಿತು. ಲಿವರ್‌ಪೂಲ್‌ನಲ್ಲಿ ಇವತ್ತಿಗೂ ಎಷ್ಟೋ ಜನ ಆ ಪತ್ರಿಕೆ ಮುಟ್ಟಲ್ಲ. ಅಭಿಮಾನಿಗಳ ತಪ್ಪಿಲ್ಲ ಎಂದು ಜ್ಯೂರಿ ಹೇಳುವಾಗ 2016 ಆಗಿತ್ತು.

ಜನರನ್ನು ರೌಡಿಗಳು ಅಂದುಕೊಂಡು ಬೇಲಿ ಹಾಕಿದರೆ, ಅಪಾಯ ಬಂದಾಗ ಬಾಗಿಲು ತೆಗೆಯುವ ಬುದ್ಧಿಯೂ ಓಡಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಹತ್ತಿರ 11 ಜನ ಸತ್ತಾಗ ಎದುರು ತಂಡದ ಅಭಿಮಾನಿಗಳೇ ಇರಲಿಲ್ಲ. ಅಲ್ಲೂ "ಹುಡುಗರದ್ದೇ ತಪ್ಪು" ಅಂದವರಿದ್ದರು, ಅಲ್ವಾ?

ಚಾಂಪಿಯನ್ ರೀಫ್ಸ್ ತಾತ:

ಪ್ಯಾಸೆಂಜರ್ ತಮ್ಮಾ, ನಿಮ್ಮ ರೈಲಿನ ಲೆಕ್ಕ ನಮ್ಮೂರಿಗೆ ಕೂರಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ನಾವು ಶಿಫ್ಟ್ ಮುಗಿಸಿ ಕೆಂಪು ಧೂಳಿನ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದೆವು. ನಾವು ಚಾಂಪಿಯನ್ ರೀಫ್ಸ್, ಅವರು ನಂದಿದುರ್ಗ ಮೈನ್. ನಡೆದು ಹೋಗುವ ದೂರ. ಬೈಗುಳ ಅಂದರೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೀಳುತ್ತಿತ್ತು. ಆದರೆ ಒಬ್ಬರ ತಲೆಯೂ ಒಡೆದದ್ದು ನಾನು ಕಾಣೆ. ಆ ಕಡೆಯ ಗೋಲ್‌ಕೀಪರ್ ನನ್ನ ಹೆಂಡತಿಯ ತಮ್ಮ. ಅವನಿಗೆ ಹೊಡೆದು ಮನೆಗೆ ಹೋಗಲು ನನಗೇನು ಹುಚ್ಚೇ?

ಮಾರಿಕುಪ್ಪಂ ಪ್ಯಾಸೆಂಜರ್:

ತಾತ, ಒಳ್ಳೇ ಕಡೆ ಹಿಡಿದಿರಿ. ಆದರೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನೋಡಿ. ಸೆಲ್ಟಿಕ್, ರೇಂಜರ್ಸ್ ಎರಡೂ ಒಂದೇ ಊರಿನ ಕ್ಲಬ್. ಅಲ್ಲಿ ಸೆಲ್ಟಿಕ್ ಅಂದರೆ ಐರ್ಲೆಂಡ್ ಮೂಲದ ಕ್ಯಾಥೊಲಿಕರು, ರೇಂಜರ್ಸ್ ಅಂದರೆ ಪ್ರಾಟೆಸ್ಟೆಂಟರು. ಹಿಂದಿನ ಕಾಲದಲ್ಲಿ ಹೆಣ್ಣು ಕೊಟ್ಟು ತರುವುದು ಕಷ್ಟ, ಎಷ್ಟೋ ಮಕ್ಕಳಿಗೆ ಶಾಲೆಯೂ ಬೇರೆ. ನಿಮಗೆ ಭಾವಮೈದ ಗೋಲ್‌ಕೀಪರ್ ಆದ. ಅಲ್ಲಿ ಆ ನಂಟೇ ಕಮ್ಮಿ. ಸಾವಿರಗಟ್ಟಲೆ ಜನ ಬರುವಷ್ಟು ಹತ್ತಿರ, ಆದರೆ ಮನೆಗೆ ಕರೆಯುವಷ್ಟು ಹತ್ತಿರ ಅಲ್ಲ. ಕಷ್ಟ ಇರುವುದು ಅಲ್ಲಿ.

ಕೋಲ್ಕತ್ತದಲ್ಲೂ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮ್ಯಾಚ್ ವೇಳೆ ಗಲಾಟೆಯಾಗಿ 16 ಜನ ಸತ್ತರು. ಈಸ್ಟ್ ಬೆಂಗಾಲ್ ಬೆನ್ನಿಗೆ ಪೂರ್ವ ಬಂಗಾಳದಿಂದ ಬಂದವರು, ಮೋಹನ್ ಬಾಗಾನ್ ಬೆನ್ನಿಗೆ ಕೋಲ್ಕತ್ತದ ಹಳಬರು.

ರಾಬರ್ಟ್‌ಸನ್‌ಪೇಟೆ ರೆಫ್ರಿ:

ಎಲ್ಲರಿಗೂ ಥ್ಯಾಂಕ್ಸ್. ಮರಕ್ಕೆ ವಿಷ ಹಾಕಿದ್ದನ್ನು ಭಾವನಿಗೆ ಕಳಿಸಿದೆ. ಬ್ಲೂ ಟಿಕ್ ಬಂತು, ಉತ್ತರ ಬಂದಿಲ್ಲ.

ಈಗ ನಮ್ಮದೇ ಒಂದು ಸಂಗತಿ. ಅಣ್ಣನ ಮಗನನ್ನು ಕಂಠೀರವಕ್ಕೆ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ಮ್ಯಾಚ್ ಬಂದರೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವನ ತಾಯಿ ಪಾಲಕ್ಕಾಡ್ ಕಡೆಯವರು, ಹುಡುಗ ಹಳದಿ ಜೆರ್ಸಿ ಹಾಕಿಕೊಂಡೇ ಬರುತ್ತೇನೆ ಅಂತಾನೆ. ನಾನು ನೀಲಿ. 2023ರ ಮಾರ್ಚ್‌ನಲ್ಲಿ ನಮ್ಮ ಛೇತ್ರಿ, ಎದುರಿನವರು ಸಿದ್ಧರಾಗುವ ಮುಂಚೆಯೇ ಫ್ರೀಕಿಕ್ ಹೊಡೆದು ಗೋಲ್ ಮಾಡಿದಾಗ ಕೇರಳದವರು ಮೈದಾನ ಬಿಟ್ಟು ಹೋದರಲ್ಲ, ಆವತ್ತಿನಿಂದ ಮನೆಯಲ್ಲೇ ಇಬ್ಬರಿಗೂ ಮಾತಿಗೆ ಮಾತು. ಎಲ್ಲಿ ಕೂರುವುದು?

ಗೂನರ್ ಗೌರಿಬಿದನೂರು:

ವೆಸ್ಟ್ ಬ್ಲಾಕ್‌ಗೆ ಮಾತ್ರ ಹಳದಿ ಹಾಕಿಸಿಕೊಂಡು ಕರೆದೊಯ್ಯಬೇಡಿ. ಅಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಡ್ರಮ್ ಹಿಡಿದು ಮ್ಯಾಚ್ ಪೂರ್ತಿ ನಿಂತೇ ಹಾಡುತ್ತಾರೆ. ಹೊಡೆಯಲ್ಲ, ಆದರೆ ಮಗುವಿಗೆ ಇರುಸುಮುರುಸು ಆಗುತ್ತದೆ. ಟಿಕೆಟ್ ತೆಗೆಯುವಾಗ ಕೇರಳದವರಿಗೆ ಯಾವ ಸ್ಟ್ಯಾಂಡ್ ಕೊಟ್ಟಿದ್ದಾರೆ ನೋಡಿ, ಇಬ್ಬರೂ ಅಲ್ಲೇ ಕೂತುಕೊಳ್ಳಿ. ನೀವು ದೊಡ್ಡವರು, ನೀಲಿ ಜೆರ್ಸಿಯ ಮೇಲೆ ಒಂದು ಶರ್ಟ್ ಹಾಕಿಕೊಂಡರೆ ಆಯಿತು. ಗೋಲ್ ಬಿದ್ದಾಗ ಎದ್ದು ಕುಣಿಯದೆ ಇರುವುದೇ ಕಷ್ಟ, ನೋಡಿ.