ವಸಾಹತು ನಿರ್ಮಾಣ ‘ಸ್ಥಗಿತ’ ಅಂದರೆ ನಿಜವಾಗಿ ನಿಲ್ಲುವುದು ಯಾವುದು?

ಸಂಜೆಸುದ್ದಿ:

ಇಸ್ರೇಲ್–ಪ್ಯಾಲೆಸ್ಟೀನ್ ಮಾತುಕತೆಗಳ ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. 2009ರ ನವೆಂಬರ್ 25ರಂದು ನೆತನ್ಯಾಹು ಸರ್ಕಾರ ಇಸ್ರೇಲ್ 1967ರಲ್ಲಿ ಹಿಡಿದ ಪಶ್ಚಿಮ ದಂಡೆಯಲ್ಲಿ ಹತ್ತು ತಿಂಗಳ ಕಾಲ ವಸಾಹತು (ಅಲ್ಲಿ ಇಸ್ರೇಲಿಗಳಿಗಾಗಿ ಕಟ್ಟುವ ಊರು) ನಿರ್ಮಾಣ ನಿಲ್ಲಿಸುವುದಾಗಿ ಘೋಷಿಸಿತು. ಆದರೆ ಆ ಹತ್ತು ತಿಂಗಳಲ್ಲೂ ಸಾವಿರಾರು ಮನೆಗಳ ಕೆಲಸ ನಡೆಯುತ್ತಲೇ ಇತ್ತಂತೆ. ಇದು ಹೇಗೆ ಸಾಧ್ಯ?

ಇನ್ನೊಂದು, ಪತ್ರಿಕೆಗಳಲ್ಲಿ ಒಂದೇ ಊರಿನ ಅಷ್ಟೇ ಮನೆಗಳಿಗೆ ‘ಅನುಮೋದನೆ’ ಸಿಕ್ಕಿತು ಅಂತ ಒಂದೆರಡು ವರ್ಷದಲ್ಲಿ ಮೂರು ಸಲ ಸುದ್ದಿ ಬರುತ್ತೆ. ಅದೇ ಮನೆಗಳಾ, ಬೇರೆ ಮನೆಗಳಾ? ಯಾರು ಸರಿ ಯಾರು ತಪ್ಪು ಅನ್ನುವ ಜಗಳ ಇಲ್ಲಿ ಬೇಡ. ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತೆ ಅಂತ ಗೊತ್ತಿರುವವರು ಹೇಳಿ.

ಕಡತವಾಸಿ:

ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಮೊದಲನೆಯದರ ಉತ್ತರ ಅದರೊಳಗೇ ಇದೆ. ಬಹುಪಾಲು ಅವೇ ಮನೆಗಳು.

ಪಶ್ಚಿಮ ದಂಡೆಯ ವಸಾಹತುಗಳು ಇರುವುದು ‘ಸಿ’ ವಲಯದಲ್ಲಿ. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯನ್ ನಾಯಕರು ಮಾಡಿಕೊಂಡ 1995ರ ಎರಡನೇ ಓಸ್ಲೋ ಒಪ್ಪಂದದ ಪ್ರಕಾರ ಪೂರ್ತಿ ಇಸ್ರೇಲಿನ ಹಿಡಿತದಲ್ಲಿರುವ, ಒಟ್ಟು ನೆಲದ ಶೇ 60ರಷ್ಟು ಭಾಗ ಅದು. ಅಲ್ಲಿ ಯೋಜನೆಗಳನ್ನು ನೋಡುವುದು ಸೇನೆಯ ಅಧೀನದ ನಾಗರಿಕ ಆಡಳಿತದೊಳಗಿನ ಉನ್ನತ ಯೋಜನಾ ಮಂಡಳಿ. ನಕ್ಷೆ ಮೊದಲು ಅಲ್ಲಿಗೆ ಬರುತ್ತದೆ. ಮಂಡಳಿ ಒಪ್ಪಿದರೆ ಅದನ್ನು ಆಕ್ಷೇಪಣೆಗಾಗಿ ಪ್ರಕಟಿಸುತ್ತಾರೆ. ಇದು ಮೊದಲ ಸುದ್ದಿ. ಆಕ್ಷೇಪಣೆಗಳ ವಿಚಾರಣೆ ಮುಗಿದ ಮೇಲೆ ಅಂತಿಮ ಮಂಜೂರಾತಿ, ಅದು ಎರಡನೇ ಸುದ್ದಿ. ದೊಡ್ಡ ವಸಾಹತುಗಳಲ್ಲಿ ಆಮೇಲೆ ಸರ್ಕಾರವೇ ಟೆಂಡರ್ ಕರೆಯುತ್ತದೆ, ಮೂರನೇ ಸುದ್ದಿ. ಗುತ್ತಿಗೆದಾರ ಗೊತ್ತಾದ ಮೇಲೆ ಸ್ಥಳೀಯ ಕೌನ್ಸಿಲ್ಲಿನಿಂದ ಕಟ್ಟಡ ಪರವಾನಗಿ, ನಂತರ ತಳಪಾಯ. ಇಷ್ಟಾಗುವ ಹೊತ್ತಿಗೆ ಪತ್ರಿಕೆಗಳು ಸುಮ್ಮನಾಗಿರುತ್ತವೆ. ಸಣ್ಣ ವಸಾಹತುಗಳಲ್ಲಿ ಎಷ್ಟೋ ಸಲ ಟೆಂಡರೇ ಇರುವುದಿಲ್ಲ. ಹಾಗಾಗಿ ಟೆಂಡರ್ ಮಾತ್ರ ಎಣಿಸಿದವರ ಲೆಕ್ಕ ಕಡಿಮೆ ಬರುತ್ತದೆ, ಎಲ್ಲ ಹಂತ ಕೂಡಿಸಿದವರ ಲೆಕ್ಕ ದುಪ್ಪಟ್ಟು ಮುಪ್ಪಟ್ಟಾಗುತ್ತದೆ. ನಿಜವಾಗಿ ಎಷ್ಟು ಕಟ್ಟಿದರು ಅಂತ ತಿಳಿಯಬೇಕಾದರೆ ಇಸ್ರೇಲಿನ ಕೇಂದ್ರ ಅಂಕಿಅಂಶ ಕಚೇರಿ ಕೊಡುವ ‘ಆರಂಭವಾದ ಮನೆಗಳು’ ಅನ್ನುವ ಅಂಕಣ ನೋಡಿ. ಅದರ ಪಶ್ಚಿಮ ದಂಡೆಯ ಲೆಕ್ಕದಲ್ಲಿ ಪೂರ್ವ ಜೆರುಸಲೇಂ ಇರುವುದಿಲ್ಲ, ಅದನ್ನು ಜೆರುಸಲೇಂ ಜಿಲ್ಲೆಗೆ ಸೇರಿಸಿರುತ್ತಾರೆ ಅನ್ನುವುದು ನೆನಪಿರಲಿ.

ಹಿಂದೆ ಈ ಒಂದೊಂದು ಹಂತಕ್ಕೂ ರಕ್ಷಣಾ ಸಚಿವರ ಸಹಿ ಬೇಕಿತ್ತು. ಅಮೆರಿಕದಿಂದ ಫೋನ್ ಬಂದರೆ ಸಚಿವರು ಸಹಿ ಹಾಕದೆ ಕಡತವನ್ನು ಹಾಗೇ ಇಟ್ಟುಕೊಳ್ಳಬಹುದಿತ್ತು. 2023ರ ಜೂನ್‌ನಲ್ಲಿ ಸರ್ಕಾರ ಈ ನಿಯಮ ಬದಲಿಸಿ ರಾಜಕೀಯ ಒಪ್ಪಿಗೆಯನ್ನು ಶುರುವಿನ ಒಂದು ಹಂತಕ್ಕೆ ಸೀಮಿತಗೊಳಿಸಿತು, ಅದನ್ನೂ ಹಣಕಾಸು ಸಚಿವ ಸ್ಮೋಟ್ರಿಚ್ ಕೈಗೆ ಕೊಟ್ಟಿತು. ಮಂಡಳಿ ಮೊದಲು ವರ್ಷಕ್ಕೆ ಕೆಲವೇ ಸಲ ಸೇರುತ್ತಿತ್ತು, 2024ರ ಕೊನೆಯಿಂದ ಹೆಚ್ಚುಕಡಿಮೆ ವಾರವಾರ ಸೇರುತ್ತಿದೆ. ನನ್ನ ಪ್ರಕಾರ ಈಚಿನ ವರ್ಷಗಳಲ್ಲಿ ಯಾವ ಒಂದು ಮನೆ ಯೋಜನೆಗಿಂತಲೂ ದೊಡ್ಡ ಬದಲಾವಣೆ ಇದು. ಮಾತುಕತೆಯ ಮೇಜಿನಿಂದ ಎಳೆಯಬಹುದಾಗಿದ್ದ ಬ್ರೇಕನ್ನೇ ತೆಗೆದುಹಾಕಿದಂತಾಯಿತು.

ಈಗ 2009ರ ಆದೇಶ. ಅದು ತಡೆದದ್ದು ಹೊಸ ಪರವಾನಗಿ ಮತ್ತು ಹೊಸ ಆರಂಭ, ಎರಡನ್ನೇ. ತಳಪಾಯ ಬಿದ್ದಿದ್ದ ಸುಮಾರು 3,000 ಮನೆಗಳಿಗೆ ಅದು ಅನ್ವಯಿಸಲಿಲ್ಲ. ಶಾಲೆ, ಸಿನಗಾಗ್‌ನಂಥ ಸಾರ್ವಜನಿಕ ಕಟ್ಟಡಗಳಿಗೂ ವಿನಾಯಿತಿ. ಪೂರ್ವ ಜೆರುಸಲೇಂ ಆದೇಶದೊಳಗೇ ಇರಲಿಲ್ಲ. ಘೋಷಣೆಗೆ ಎರಡು ತಿಂಗಳು ಮೊದಲೇ, ಸೆಪ್ಟೆಂಬರ್‌ನಲ್ಲಿ, ರಕ್ಷಣಾ ಸಚಿವ ಎಹೂದ್ ಬರಾಕ್ 455 ಹೊಸ ಮನೆಗಳಿಗೆ ಒಪ್ಪಿಗೆ ಕೊಟ್ಟಾಗಿತ್ತು. ತಡೆ ಜಾರಿಯಲ್ಲಿದ್ದ 2010ರ ಮಾರ್ಚ್‌ನಲ್ಲಿ ಬೇಯ್ತಾರ್ ಇಲ್ಲಿತ್‌ನ 112 ಮನೆಗಳಿಗೆ ವಿಶೇಷ ವಿನಾಯಿತಿಯೂ ಸಿಕ್ಕಿತು. ಕಾಂಕ್ರೀಟ್ ಸುರಿದ ಮೇಲೆ ಮನೆ ಮುಗಿಯಲು ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಹತ್ತು ತಿಂಗಳ ತಡೆ ಆ ಅವಧಿಗಿಂತ ಚಿಕ್ಕದು. ಆದ್ದರಿಂದ ಹೊಸ ಆರಂಭಗಳು ಕಡಿಮೆಯಾದರೂ ಕ್ರೇನುಗಳು ಕಣ್ಣಿಗೆ ಬೀಳುತ್ತಲೇ ಇದ್ದವು. ಇಸ್ರೇಲಿಗಳಿಗೆ ಇದು ಹಿಂದೆಂದೂ ಕೊಡದ ರಿಯಾಯಿತಿಯಾಗಿ ಕಂಡಿತು, ಪ್ಯಾಲೆಸ್ಟೀನಿಯನ್ನರಿಗೆ ಏನೂ ನಿಲ್ಲಲಿಲ್ಲ ಅನ್ನಿಸಿತು. ಎರಡೂ ಅವರವರ ಹಂತದ ಲೆಕ್ಕದಲ್ಲಿ ನಿಜ.

ನಕ್ಷೆಗೀಟು:

ಮೇಲಿನವರು ಬರೆದದ್ದು ಸರಿ. 2010ರ ದಿನಾಂಕಗಳನ್ನು ಸೇರಿಸುತ್ತೇನೆ, ಅವುಗಳ ಕ್ರಮದಲ್ಲೇ ಎಡವಟ್ಟಿತ್ತು.

ಮಾರ್ಚ್ 9ರಂದು ಅಮೆರಿಕದ ಉಪಾಧ್ಯಕ್ಷ ಬೈಡನ್ ಜೆರುಸಲೇಮಿನಲ್ಲಿದ್ದಾಗಲೇ ಇಸ್ರೇಲಿನ ಒಳಾಡಳಿತ ಸಚಿವಾಲಯ ಪೂರ್ವ ಜೆರುಸಲೇಮಿನ ರಮಾತ್ ಶ್ಲೋಮೋದಲ್ಲಿ 1,600 ಮನೆಗಳ ಯೋಜನೆ ಪ್ರಕಟಿಸಿತು. ಅದು ಆಕ್ಷೇಪಣೆಗೆ ಇಡುವ ಹಂತ ಅಷ್ಟೇ, ಇಟ್ಟಿಗೆ ಬೀಳಲು ವರ್ಷಗಳಿದ್ದವು. ಅಲ್ಲಿ ಕಡತ ಹೋಗುವ ದಾರಿಯೂ ಬೇರೆ: ಪೂರ್ವ ಜೆರುಸಲೇಮಿಗೆ ಇಸ್ರೇಲ್ 1967ರಿಂದ ತನ್ನದೇ ಕಾನೂನು ಅನ್ವಯಿಸುವುದರಿಂದ ನಗರಪಾಲಿಕೆಯ ಸಮಿತಿ, ಜಿಲ್ಲಾ ಯೋಜನಾ ಸಮಿತಿ ನೋಡುತ್ತವೆ, ಸೇನೆಯ ಸಹಿ ಬೇಕಿಲ್ಲ. ಆದರೂ ಅಮೆರಿಕದ ಮೂಲಕ ನಡೆಯಬೇಕಿದ್ದ ಪರೋಕ್ಷ ಮಾತುಕತೆ ಮೇ ತಿಂಗಳಿಗೆ ಹೋಯಿತು. ನೇರ ಮಾತುಕತೆ ವಾಷಿಂಗ್ಟನ್ನಿನಲ್ಲಿ ಸೆಪ್ಟೆಂಬರ್ 2ಕ್ಕೆ ಶುರುವಾಗಿ, ತಿಂಗಳ ನಡುವೆ ಈಜಿಪ್ಟಿನ ಶರ್ಮ್ ಅಲ್ ಶೇಖ್ ಮತ್ತು ಜೆರುಸಲೇಮಿನಲ್ಲಿ ಮುಂದುವರಿಯಿತು. ತಡೆ ಮುಗಿದದ್ದು 26ಕ್ಕೆ. ಹತ್ತು ತಿಂಗಳಲ್ಲಿ ಒಂಬತ್ತು ತಿಂಗಳನ್ನು ಮಾತಾಡುವುದು ಹೇಗೆ ಅನ್ನುವ ಚರ್ಚೆಯೇ ನುಂಗಿತ್ತು. ಅಮೆರಿಕ ಇನ್ನೂ 90 ದಿನ ವಿಸ್ತರಿಸಿದರೆ 20 ಎಫ್-35 ಯುದ್ಧವಿಮಾನ ಕೊಡುವ ಮಾತಾಡಿತು. ಅದೂ ಕೂಡಿಬರದೆ ಡಿಸೆಂಬರ್‌ನಲ್ಲಿ ಪ್ರಯತ್ನ ಕೈಬಿಟ್ಟಿತು. 90 ದಿನಕ್ಕೆ ಆ ಬೆಲೆ! ಆ ಮೂರು ತಿಂಗಳಲ್ಲಿ ಗಡಿ ಗೆರೆ ಮುಗಿಸಿಬಿಟ್ಟರೆ ಗೆರೆಯ ಆಚೆ ಈಚೆ ಯಾರು ಎಲ್ಲಿ ಕಟ್ಟಬಹುದು ಅನ್ನುವುದು ತಾನಾಗಿ ಬಗೆಹರಿಯುತ್ತದೆ ಅನ್ನುವ ಎಣಿಕೆ. ತರ್ಕ ಕೆಟ್ಟದ್ದಲ್ಲ, ಸಮಯ ಸಾಲದು.

ಹಳೇಬೀದಿ_ಹುಡುಗ:

ಇಷ್ಟೆಲ್ಲ ಹೇಳಿದವರು ಒಂದನ್ನು ಬಿಟ್ಟಿರಿ. 1993ರ ಓಸ್ಲೋ ಒಪ್ಪಂದದಲ್ಲಿ ವಸಾಹತು ನಿಲ್ಲಿಸಬೇಕು ಅನ್ನುವ ಷರತ್ತೇ ಇಲ್ಲ. ಜೆರುಸಲೇಂ, ನಿರಾಶ್ರಿತರು, ಗಡಿಗಳ ಜೊತೆ ವಸಾಹತುಗಳನ್ನೂ ಅಂತಿಮ ಮಾತುಕತೆಗೆ ಬಿಟ್ಟರು. ಪ್ಯಾಲೆಸ್ಟೀನಿಯನ್ ಅಧ್ಯಕ್ಷ ಅಬ್ಬಾಸ್ 2008ರಲ್ಲಿ ಆಗಿನ ಇಸ್ರೇಲ್ ಪ್ರಧಾನಿ ಒಲ್ಮರ್ಟ್ ಜೊತೆ ಕೂತಾಗಲೂ ಪೂರ್ತಿ ತಡೆ ಇರಲಿಲ್ಲ, ಆದರೂ ಕೂತರು. 2009ರಲ್ಲಿ ಒಬಾಮ ಪೂರ್ತಿ ನಿಲ್ಲಿಸಿ ಅಂದ ಮೇಲೆ ಅಮೆರಿಕಕ್ಕಿಂತ ಕಡಿಮೆ ಕೇಳುವುದು ಅಬ್ಬಾಸ್‌ಗೆ ಸಾಧ್ಯವಾಗಲಿಲ್ಲ. ಮತ್ತೆ, ಕಟ್ಟಿದ್ದನ್ನು ಕೆಡವಲಾಗದು ಅಂತ ಹಲವರು ಹೇಳುವುದೂ ಪೂರ್ತಿ ನಿಜವಲ್ಲ. 1982ರಲ್ಲಿ ಸಿನಾಯ್‌ನ ಯಮಿತ್ ವಸಾಹತನ್ನು ಕೆಡವಿದರು. 2005ರಲ್ಲಿ ಗಾಜಾದ 21 ವಸಾಹತುಗಳನ್ನೂ ಪಶ್ಚಿಮ ದಂಡೆಯ ಉತ್ತರದ ನಾಲ್ಕನ್ನೂ ಖಾಲಿ ಮಾಡಿಸಿದರು. ಕಟ್ಟಡಗಳು ನಿಂತಿರುವ ನೆಲ ಪಶ್ಚಿಮ ದಂಡೆಯ ಶೇ 1ರ ಆಸುಪಾಸು ಅಷ್ಟೇ.

ಕಡತವಾಸಿ:

ಓಸ್ಲೋ ಬಗ್ಗೆ ನೀವು ಹೇಳಿದ್ದು ಸರಿ. ಆದರೆ 1995ರ ಒಪ್ಪಂದದ 31ನೇ ವಿಧಿಯ 7ನೇ ಅಂಶ, ಅಂತಿಮ ಮಾತುಕತೆ ಮುಗಿಯುವವರೆಗೆ ಪಶ್ಚಿಮ ದಂಡೆ ಮತ್ತು ಗಾಜಾದ ಸ್ಥಾನಮಾನ ಬದಲಿಸುವ ಹೆಜ್ಜೆಯನ್ನು ಯಾರೂ ಇಡಬಾರದು ಅನ್ನುತ್ತದೆ. ಮನೆ ಕಟ್ಟುವುದು ಸ್ಥಾನಮಾನ ಬದಲಿಸಿದಂತೆ ಅಲ್ಲ ಅಂತ ಇಸ್ರೇಲ್, ಖಂಡಿತ ಹೌದು ಅಂತ ಪ್ಯಾಲೆಸ್ಟೀನಿಯನ್ನರು. ಪೂರ್ತಿ ತಡೆಯ ಬೇಡಿಕೆಯನ್ನು ಒಬಾಮ ಹುಟ್ಟುಹಾಕಿದ್ದೂ ಅಲ್ಲ. 2003ರ ‘ರೋಡ್ ಮ್ಯಾಪ್’ ಅನ್ನುವ ಅಂತರರಾಷ್ಟ್ರೀಯ ಶಾಂತಿ ಯೋಜನೆಯ ಮೊದಲ ಹಂತದಲ್ಲೇ ಕುಟುಂಬಗಳು ಬೆಳೆಯುವುದಕ್ಕೆ ಬೇಕಾದ ಮನೆಗಳೂ ಸೇರಿ ಎಲ್ಲ ನಿರ್ಮಾಣ ನಿಲ್ಲಬೇಕು, 2001ರ ಮಾರ್ಚ್ ನಂತರ ಅನುಮತಿಯಿಲ್ಲದೆ ಎದ್ದ ಸಣ್ಣ ವಸಾಹತುಗಳಾದ ಹೊರಠಾಣೆಗಳನ್ನು ತೆಗೆಯಬೇಕು ಅಂತ ಬರೆದಿತ್ತು. ಅದೇ ಹಂತದಲ್ಲಿ ಪ್ಯಾಲೆಸ್ಟೀನಿಯನ್ನರು ಹಿಂಸೆ ನಿಲ್ಲಿಸಬೇಕು ಅಂತಲೂ ಇತ್ತು. ನೀವು ಮೊದಲು ಮಾಡಿ, ಇಲ್ಲ ನೀವೇ ಮೊದಲು ಅನ್ನುವುದರಲ್ಲಿ ಎರಡೂ ಕೆಟ್ಟವು.

ಶೇ 1ರ ಲೆಕ್ಕ ಹೇಳುವವರು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಅದು ಗೋಡೆ ನಿಂತ ನೆಲ. ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ ಬತ್ಸೆಲೆಮ್ 2010ರಲ್ಲಿ ಲೆಕ್ಕ ಹಾಕಿದಾಗ ವಸಾಹತುಗಳ ಸ್ಥಳೀಯ ಮತ್ತು ಪ್ರಾದೇಶಿಕ ಕೌನ್ಸಿಲ್‌ಗಳ ವ್ಯಾಪ್ತಿಯಲ್ಲಿದ್ದ ನೆಲ ಶೇ 42ರಷ್ಟಿತ್ತು. ಪ್ಯಾಲೆಸ್ಟೀನಿಯನ್ ರೈತನೊಬ್ಬ ಸಿ ವಲಯದಲ್ಲಿ ಕೊಟ್ಟಿಗೆ ಕಟ್ಟಬೇಕಾದರೂ ಅದೇ ನಾಗರಿಕ ಆಡಳಿತದ ಪರವಾನಗಿ ಬೇಕು, ಅವನ ಊರಿಗೆ ಮಂಜೂರಾದ ನಕ್ಷೆಯೇ ಇರುವುದಿಲ್ಲ. ವಲಯದ ಶೇ 1ಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ಅವರ ನಿರ್ಮಾಣಕ್ಕೆ ಯೋಜನೆ ಇದೆ.

ನಕ್ಷೆಗೀಟು:

ಆ ನೆಲ ಬಂದದ್ದು ಹೇಗೆ ಅನ್ನುವುದು ಇಲ್ಲಿ ಮುಖ್ಯ. 1970ರ ದಶಕದಲ್ಲಿ ‘ಸೇನಾ ಅಗತ್ಯ’ ಅಂತ ಖಾಸಗಿ ಜಮೀನು ವಶಕ್ಕೆ ಪಡೆದು ವಸಾಹತು ಮಾಡುತ್ತಿದ್ದರು. 1979ರ ಅಕ್ಟೋಬರ್‌ನಲ್ಲಿ ನಾಬ್ಲುಸ್ ಬಳಿಯ ಎಲೋನ್ ಮೋರೆ ಪ್ರಕರಣದಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ನಾವು ಶಾಶ್ವತವಾಗಿ ನೆಲೆಸಲು ಬಂದವರು ಅಂತ ವಸಾಹತುಗಾರರೇ ಪ್ರಮಾಣಪತ್ರ ಕೊಟ್ಟಿದ್ದರಿಂದ ತಾತ್ಕಾಲಿಕ ಸೇನಾ ಅಗತ್ಯ ಅನ್ನುವ ಸರ್ಕಾರದ ವಾದ ನಿಲ್ಲಲಿಲ್ಲ.

ಆಮೇಲೆ ದಾರಿ ಬದಲಾಯಿತು. 1858ರ ಆಟೊಮನ್ ಭೂಕಾನೂನಿನಲ್ಲಿ ಹತ್ತು ವರ್ಷ ಉಳುಮೆ ಮಾಡಿದವನಿಗೆ ಹಕ್ಕು, ಮೂರು ವರ್ಷ ಬೀಳುಬಿಟ್ಟರೆ ಆ ಹಕ್ಕು ಹೋಗಬಹುದು. 1967ರವರೆಗಿನ ಜೋರ್ಡಾನ್ ಆಳ್ವಿಕೆಯ ಕಾಲದಲ್ಲಿ ಸುಮಾರು ಮೂರನೇ ಒಂದು ಭಾಗದ ಜಮೀನಿಗಷ್ಟೇ ನೋಂದಣಿ ಮುಗಿದಿತ್ತು, ಉಳಿದದ್ದನ್ನು ಇಸ್ರೇಲ್ 1968ರಲ್ಲಿ ನಿಲ್ಲಿಸಿತು. ನೋಂದಣಿಯಿಲ್ಲದ, ಉಳುಮೆಯ ಗುರುತಿಲ್ಲದ ನೆಲವನ್ನು ‘ಸರ್ಕಾರಿ ಜಮೀನು’ ಅಂತ ಘೋಷಿಸುತ್ತಾ ಹೋದರು. ಹೀಗೆ ಸುಮಾರು 9 ಲಕ್ಷ ದುನಮ್ ಸೇರಿತು. ಒಂದು ದುನಮ್ 1,000 ಚದರ ಮೀಟರ್, ನಮ್ಮ ಹತ್ತು ಗುಂಟೆಗೆ ಚೂರು ಕಡಿಮೆ. ಘೋಷಣೆಯಾದ 45 ದಿನದೊಳಗೆ ಸೇನೆಯ ಮೇಲ್ಮನವಿ ಸಮಿತಿಗೆ ಅರ್ಜಿ ಹಾಕಬೇಕು, ಜಮೀನು ತನ್ನದು ಅಂತ ರುಜುವಾತು ಮಾಡುವ ಹೊಣೆ ರೈತನದು. 2024ರ ಒಂದೇ ವರ್ಷದಲ್ಲಿ 20,000ಕ್ಕೂ ಹೆಚ್ಚು ದುನಮ್ ಹೀಗೆ ಘೋಷಣೆಯಾಯಿತು.

ಹೊರಠಾಣೆಗಳ ಕಥೆ ನಮ್ಮ ‘ಅಕ್ರಮ–ಸಕ್ರಮ’ದ ಹಾಗೆ. ಮೊದಲು ಗುಡ್ಡದ ಮೇಲೆ ಕಂಟೇನರ್ ಮನೆ, ಆಮೇಲೆ ರಸ್ತೆ, ಕರೆಂಟು, ಕೊನೆಗೆ ಪಕ್ಕದ ವಸಾಹತಿನ ‘ಬಡಾವಣೆ’ ಅಂತ ಮಂಜೂರಾತಿ. ಸರ್ಕಾರಿ ಇಲಾಖೆಗಳೇ ಇದಕ್ಕೆ ಹಣ ಕೊಟ್ಟವು ಅಂತ 2005ರಲ್ಲಿ ಸರ್ಕಾರವೇ ಬರೆಸಿದ ಟಾಲ್ಯಾ ಸಸ್ಸೋನ್ ವರದಿ ಹೇಳಿತು. ಪ್ಯಾಲೆಸ್ಟೀನಿಯನ್ನರ ಖಾಸಗಿ ಜಮೀನಿನ ಮೇಲಿದ್ದ ಅಮೋನಾ ಹೊರಠಾಣೆ 2017ರ ಫೆಬ್ರುವರಿಯಲ್ಲಿ ಖಾಲಿಯಾಯಿತು. ಅದೇ ತಿಂಗಳು ಅಂಥವನ್ನು ಸಕ್ರಮ ಮಾಡುವ ಕಾಯ್ದೆ ಬಂತು, 2020ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಯಾವ ತಡೆ ಆದೇಶವೂ ಹೊರಠಾಣೆಗಳನ್ನು ಸರಿಯಾಗಿ ಹಿಡಿಯುವುದಿಲ್ಲ, ಯಾಕೆಂದರೆ ಅವು ಪರವಾನಗಿ ಕೇಳಿ ಬಂದವಲ್ಲ.

ಹಳೇಬೀದಿ ಅವರೇ, ಗಾಜಾದಲ್ಲಿ ಎಬ್ಬಿಸಬೇಕಾಗಿದ್ದದ್ದು ಎಂಟು ಸಾವಿರ ಚಿಲ್ಲರೆ ಜನ. ಪಶ್ಚಿಮ ದಂಡೆಯಲ್ಲಿ ಪೂರ್ವ ಜೆರುಸಲೇಂ ಬಿಟ್ಟೇ 5 ಲಕ್ಷ ಮೀರಿದ್ದಾರೆ. ನೀವು ಹೇಳಿದ ಉತ್ತರದ ನಾಲ್ಕು ವಸಾಹತುಗಳಿಗೆ ಮರಳಬಾರದು ಅನ್ನುವ ಕಾನೂನನ್ನೂ 2023ರ ಮಾರ್ಚ್‌ನಲ್ಲಿ ತೆಗೆದರು.

ಸಂಜೆಸುದ್ದಿ:

ತುಂಬಾ ಉಪಯೋಗವಾಯ್ತು. ಕೊನೆಯದೊಂದು: ಇಸ್ರೇಲ್ ಕೆಲವು ವಸಾಹತುಗಳ ನೆಲ ಇಟ್ಟುಕೊಂಡು ಬದಲಿಗೆ ತನ್ನ ನೆಲ ಕೊಡುವ ಭೂವಿನಿಮಯ ಮಾಡಿಕೊಂಡರೆ ಆಯ್ತಲ್ಲ ಅನ್ನುತ್ತಾರೆ. ಹಾಗಿದ್ದರೆ ಇ-1 ಯೋಜನೆಗೆ ಯಾಕಷ್ಟು ಗಲಾಟೆ? 2025ರಲ್ಲಿ ಮಂಜೂರಾದ ಮೇಲೆ ಅದನ್ನು ಇನ್ನು ನಿಲ್ಲಿಸೋಕೇ ಆಗಲ್ವಾ?

ಕಡತವಾಸಿ:

ವಿನಿಮಯದ ಲೆಕ್ಕ ಮೊದಲು. 2008ರ ಸೆಪ್ಟೆಂಬರ್‌ನಲ್ಲಿ ಒಲ್ಮರ್ಟ್ ತೋರಿಸಿದ ನಕ್ಷೆಯಲ್ಲಿ ಇಸ್ರೇಲ್ ಪಶ್ಚಿಮ ದಂಡೆಯ ಶೇ 6.3ರಷ್ಟು ಇಟ್ಟುಕೊಂಡು ಶೇ 5.8ರಷ್ಟು ನೆಲ ಕೊಡುವುದು ಅಂತಿತ್ತು. ಪ್ಯಾಲೆಸ್ಟೀನಿಯನ್ನರು ಮುಂದಿಟ್ಟದ್ದು ಶೇ 1.9ರ ವಿನಿಮಯ. ನಾಲ್ಕೂವರೆ ಶೇಕಡಾ ಅಂತರ ನೋಡಲು ಸಣ್ಣದು, ಆದರೆ ಅದು ಹರಡಿಕೊಂಡಿರುವುದು ಒಳಕ್ಕೆ ಚಾಚಿದ ಬೆರಳುಗಳಲ್ಲಿ. ಅರಿಯೆಲ್ ವಸಾಹತು ಹಸಿರು ಗೆರೆಯಿಂದ (1967ಕ್ಕೆ ಮೊದಲಿನ ಗಡಿ ಗೆರೆ) ಸುಮಾರು 20 ಕಿ.ಮೀ. ಒಳಗಿದೆ. ಅದನ್ನು ಸೇರಿಸಿಕೊಳ್ಳಬೇಕಾದರೆ ಅಲ್ಲಿವರೆಗಿನ ರಸ್ತೆಯೂ ಬೇಕು. ಸುತ್ತಲ ಹಳ್ಳಿಗಳು ಆ ರಸ್ತೆ ದಾಟಬೇಕಾದರೆ ಸೇತುವೆಯೋ ಸುರಂಗವೋ ಬೇಕು. ಶೇಕಡಾ ಎಷ್ಟು ಅನ್ನುವುದಕ್ಕಿಂತ ಗೆರೆ ಎಲ್ಲಿಂದ ಎಲ್ಲಿಗೆ ಅನ್ನುವುದೇ ಜಗಳ.

ಇ-1 ಪೂರ್ವ ಜೆರುಸಲೇಮಿಗೂ ದೊಡ್ಡ ವಸಾಹತಾದ ಮಾಲೆ ಅದುಮೀಮ್‌ಗೂ ನಡುವಿನ ಸುಮಾರು 12 ಚದರ ಕಿ.ಮೀ. ನೆಲ. ರಮಲ್ಲಾ ಕಡೆಯಿಂದ ಬೆತ್ಲೆಹೆಮ್ ಕಡೆಗೆ ಹೋಗುವ ಪ್ಯಾಲೆಸ್ಟೀನಿಯನ್ ನೆಲ ಕಿರಿದಾಗುವುದು ಅಲ್ಲಿಯೇ. ಬೇರೆ ಕಡೆ 3,000 ಮನೆ ಕಟ್ಟಿದರೆ ವಿನಿಮಯದ ಶೇಕಡಾ ಚೂರು ಏರುತ್ತದೆ, ಇಲ್ಲಿ ಕಟ್ಟಿದರೆ ಉತ್ತರ ದಕ್ಷಿಣದ ನಂಟೇ ರಸ್ತೆ ಸುರಂಗಗಳ ಪಾಲಾಗುತ್ತದೆ. ಅಲ್ಲಿಂದ ಜೋರ್ಡಾನ್ ಕಣಿವೆಯ ಕಡೆಗೆ ಪೂರ್ವದಲ್ಲಿ ಇನ್ನೂ ಜಾಗ ಇದೆಯಲ್ಲ ಅನ್ನುವ ಇಸ್ರೇಲಿ ವಾದ ನಕ್ಷೆಯಲ್ಲಿ ನೋಡಿದರೆ ತಪ್ಪಲ್ಲ, ಆದರೆ ಆ ದಾರಿ ಮರುಭೂಮಿಯ ಇಳಿಜಾರಿನಲ್ಲಿ ದೊಡ್ಡ ಸುತ್ತು.

ಯೋಜನೆ ಹುಟ್ಟಿದ್ದು 1990ರ ದಶಕದಲ್ಲಿ. ವಿಶ್ವಸಂಸ್ಥೆ 2012ರ ನವೆಂಬರ್ 29ರಂದು ಪ್ಯಾಲೆಸ್ಟೀನಿಗೆ ವೀಕ್ಷಕ ರಾಷ್ಟ್ರದ ಸ್ಥಾನ ಕೊಟ್ಟ ಮರುದಿನ ಕಡತ ಅಲುಗಾಡಿತು, ಮತ್ತೆ ವರ್ಷಗಟ್ಟಲೆ ಮಲಗಿತು. 2025ರ ಆಗಸ್ಟ್ 20ರಂದು 3,401 ಮನೆಗಳಿಗೆ ಅಂತಿಮ ಮಂಜೂರಾತಿ ಸಿಕ್ಕಿತು. ಈ ಹಂತ ದಾಟಿದ ಮೇಲೆ ಮಂಡಳಿಯಲ್ಲಿ ತಡೆಯಲು ಏನೂ ಉಳಿದಿಲ್ಲ. ಮುಂದಿನ ಸರ್ಕಾರವೊಂದು ಮನಸ್ಸು ಮಾಡಿದರೆ ಟೆಂಡರ್ ಹಂಚದೆ ಇರಬಹುದು, ರಸ್ತೆ, ನೀರು, ಚರಂಡಿ ಕೆಲಸಕ್ಕೆ ಹಣ ಬಿಡದೆ ಇರಬಹುದು. ಗುತ್ತಿಗೆದಾರನ ಜೊತೆ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ನಿಲ್ಲಿಸಿದರೆ ಪರಿಹಾರ ಕೊಡಬೇಕಾಗುತ್ತದೆ. ಹಾಗಾಗಿ ಇನ್ನು ಮುಂದೆ ‘ಇ-1ಗೆ ಅನುಮೋದನೆ’ ಅಂತ ಬರುವ ಸುದ್ದಿಗಿಂತ ಅಲ್ಲಿ ರಸ್ತೆ ಅಗೆಯುವ ಗುತ್ತಿಗೆ ಯಾರಿಗೆ, ಯಾವಾಗ ಸಿಕ್ಕಿತು ಅನ್ನುವುದನ್ನು ಹುಡುಕಿ ಓದಿ.