ಸಹಾಯ ಬೇಕು: ಭಾನುವಾರ ಓಡಾಡಿದ್ರೆ ಮಂಗಳವಾರ ಹಾಸಿಗೆ ಹಿಡೀತೀನಿ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ, ಹಾಸನ. ಎರಡು ವರ್ಷದ ಹಿಂದೆ ವೈರಲ್ ಜ್ವರ ಬಂದು ಹೋಯ್ತು, ಸುಸ್ತು ಮಾತ್ರ ಹೋಗಲೇ ಇಲ್ಲ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಎಲ್ಲಾ ನಾರ್ಮಲ್. ಕೊನೆಗೆ ಒಬ್ಬ ಡಾಕ್ಟರು ಕ್ರಾನಿಕ್ ಫಟೀಗ್ ಸಿಂಡ್ರೋಮ್ (ವಿಶ್ರಾಂತಿ ತಗೊಂಡ್ರೂ ಹೋಗದ, ದೀರ್ಘಕಾಲದ ಸುಸ್ತಿನ ಕಾಯಿಲೆ) ಅಂದ್ರು.

ಕಷ್ಟ ಏನಂದ್ರೆ, ಇದು ಅವತ್ತೇ ಗೊತ್ತಾಗಲ್ಲ. ಭಾನುವಾರ ನಾದಿನಿ ಸೀಮಂತದಲ್ಲಿ ಮೂರು ಗಂಟೆ ಓಡಾಡಿದೆ, ಆರಾಮಾಗೇ ಇದ್ದೆ. ಮಂಗಳವಾರ ಬೆಳಿಗ್ಗೆ ಹಲ್ಲುಜ್ಜೋಕೂ ಕೈ ಏಳಲಿಲ್ಲ. ಗಂಟಲು ನೋವು, ಬೆಳಕು ಕಂಡ್ರೆ ಆಗಲ್ಲ, ಓದಿದ ಸಾಲು ತಲೆಗೆ ಹತ್ತಲ್ಲ. ಎಷ್ಟು ನಿದ್ದೆ ಮಾಡಿದ್ರೂ ಅಷ್ಟೇ. ಒಂದು ವಾರ ಹೀಗೇ.

ಮನೆಯವರು "ವಾಕಿಂಗ್ ಮಾಡು, ಸರಿಹೋಗುತ್ತೆ" ಅಂತಾರೆ. ದಿನಾ ಐದೈದು ನಿಮಿಷ ಜಾಸ್ತಿ ನಡೆದು ನೋಡಿದೆ, ಇನ್ನೂ ಕೆಟ್ಟೆ. ಚಿಕಿತ್ಸೆಗೆ ಮಾರ್ಗಸೂಚಿ ಕೊಡೋ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರಲ್ಲೇ ಈ ಕಾಯಿಲೆಗೆ ಹೀಗೆ ಹಂತಹಂತವಾಗಿ ವ್ಯಾಯಾಮ ಏರಿಸೋದು ಬೇಡ, ಶಕ್ತಿಯ ಮಿತಿಯೊಳಗೇ ಇರಿ ಅಂದಿದೆ.

ಈ ಕಾಯಿಲೆ ಇರೋರು ಯಾರಾದ್ರೂ ಇದ್ದೀರಾ? ಆ ಮಿತಿ ಎಲ್ಲಿದೆ ಅಂತ ಹೇಗೆ ಗುರುತಿಸ್ತೀರಿ? ಹೃದಯ ಬಡಿತ ತೋರಿಸೋ ವಾಚ್ ಉಪಯೋಗಕ್ಕೆ ಬಂತಾ? ಸದ್ಯಕ್ಕೆ ಅಡುಗೆಮನೆಯಲ್ಲಿ ಸ್ಟೂಲ್ ಹಾಕ್ಕೊಂಡು ಕೂತೇ ತರಕಾರಿ ಹೆಚ್ತೀನಿ, ಅದೊಂದೇ ನನ್ನ ಉಪಾಯ. ಅತ್ತೆಗೆ ಅರ್ಥ ಮಾಡಿಸೋದು ಹೇಗೆ ಅಂತಾನೂ ಹೇಳಿ. ಪ್ರೋಟೀನ್ ಪೌಡರ್ ಮಾರೋರು ದಯವಿಟ್ಟು ಮೆಸೇಜ್ ಮಾಡ್ಬೇಡಿ.